ಇಮಿಗ್ರೇಷನ್, ಕಸ್ಟಮ್ಸ್ ಕೌಂಟರಿಗೆ ಹೋಗುವ ಮುನ್ನ

ಬೆಂಗಳೂರಿನಿಂದ ವಿದೇಶಕ್ಕೆ ಹೊರಡುವವರು 2023ರ ಸೆಪ್ಟೆಂಬರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿಗೇ ಹೋಗುತ್ತಾರೆ. ಅಲ್ಲಿ ಎದುರಾಗುವ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಎರಡನ್ನೂ ಒಂದೇ ಇಲಾಖೆಯೆಂದು ಬಹಳ ಜನ ಭಾವಿಸಿರುತ್ತಾರೆ. ಮೊದಲನೆಯದು ಗೃಹ ಸಚಿವಾಲಯಕ್ಕೆ ಸೇರಿದ್ದು, ನಿಮ್ಮ ಪಾಸ್‌ಪೋರ್ಟು ಮತ್ತು ವೀಸಾವನ್ನು ನೋಡುತ್ತದೆ. ಎರಡನೆಯದು ಹಣಕಾಸು ಸಚಿವಾಲಯದ್ದು, ನಿಮ್ಮ ಪೆಟ್ಟಿಗೆಯನ್ನು ನೋಡುತ್ತದೆ. ಒಬ್ಬರ ಮುಂದೆ ಇನ್ನೊಬ್ಬರ ದೂರು ಹೇಳಿ ಪ್ರಯೋಜನವಿಲ್ಲ. ಎರಡೂ ಕಡೆ ಕೆಲಸಕ್ಕೆ ಬರುವುದು ವಾದವಲ್ಲ, ಮನೆಯಲ್ಲೇ ಜೋಡಿಸಿಟ್ಟುಕೊಂಡ ಕಾಗದ.

ಇದನ್ನು ನಾನು ಕಲಿತದ್ದು ಅಮ್ಮನ ಬಳೆಗಳಿಂದ. ತಂಗಿಯ ಮನೆಯಲ್ಲಿ ಎರಡು ತಿಂಗಳಿದ್ದು ಅಮ್ಮನೊಂದಿಗೆ ಹಿಂದಿರುಗುವಾಗ, ನಮ್ಮ ದೇಶದ್ದೇ ಒಂದು ನಿಲ್ದಾಣದಲ್ಲಿ (ಯಾವುದೆಂಬುದು ಇಲ್ಲಿ ಬೇಡ) ಕಸ್ಟಮ್ಸ್ ಅಧಿಕಾರಿಯೊಬ್ಬರು ಅವರ ಕೈಯಲ್ಲಿದ್ದ ನಾಲ್ಕು ಬಳೆ ಮತ್ತು ಕೊರಳಿನ ಅವಲಕ್ಕಿ ಸರವನ್ನು ಬಿಚ್ಚಿಸಿ ಪುಟ್ಟ ತಕ್ಕಡಿಯ ಮೇಲಿಟ್ಟರು. “ಇದನ್ನು ಹೊರಗಡೆ ಕೊಂಡಿಲ್ಲ ಅನ್ನುವುದಕ್ಕೆ ಏನಮ್ಮಾ ಆಧಾರ?” ಎಂದು ಕೇಳಿದಾಗ ಅಮ್ಮ, “ನಮ್ಮಪ್ಪ ಮದುವೆಗೆ ಮಾಡಿಸಿಕೊಟ್ಟಿದ್ದು ಸಾರ್, ಅಂಚು ಸವೆದಿರೋದು ನೋಡಿ” ಎಂದು ಬಳೆಯನ್ನು ಬೆಳಕಿಗೆ ಹಿಡಿದರು. ಸವೆದ ಅಂಚು ದಾಖಲೆಯಾಗಲಿಲ್ಲ. ಹಿಂದಿನ ವರ್ಷದ ನಾಮಕರಣವೊಂದರಲ್ಲಿ ಅವೇ ಬಳೆ ತೊಟ್ಟಿದ್ದ ಫೋಟೊ ನನ್ನ ಮೊಬೈಲಿನಲ್ಲಿ ಸಿಗುವವರೆಗೆ ಒಂದೂವರೆ ಗಂಟೆ ಹಿಡಿಯಿತು.

ಈ ತೊಂದರೆಗೆ ಕಾನೂನಿನಲ್ಲೇ ಸರಳವಾದ ದಾರಿಯಿದೆ. ಬೆಲೆಬಾಳುವ ಒಡವೆ ಅಥವಾ ಕ್ಯಾಮೆರಾ ಒಯ್ಯುವವರು ಹೊರಡುವ ದಿನವೇ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಆ ವಸ್ತುವನ್ನು ತೋರಿಸಿ ‘ಎಕ್ಸ್‌ಪೋರ್ಟ್ ಸರ್ಟಿಫಿಕೇಟ್’ ಪಡೆದರೆ, ಮರಳಿ ಬರುವಾಗ ಅದು ಹೊಸದಾಗಿ ತಂದದ್ದಲ್ಲ ಎಂಬುದಕ್ಕೆ ಅದೇ ಪುರಾವೆಯಾಗುತ್ತದೆ. ವಸ್ತುವನ್ನು ಕಣ್ಣಾರೆ ತೋರಿಸಬೇಕಾದ್ದರಿಂದ ಅದನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಬಾರದು; ಅಂಗಡಿಯ ಬಿಲ್ಲನ್ನೋ ತೂಕ ನಮೂದಿಸಿದ ಮೌಲ್ಯಮಾಪಕರ ಪತ್ರವನ್ನೋ ಜೊತೆಗಿಟ್ಟುಕೊಂಡು, ಎಂದಿಗಿಂತ ಒಂದು ಗಂಟೆ ಮುಂಚೆಯೇ ಹೋಗಬೇಕು. ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕನ್ನು ಆ ಒಂದು ಗಂಟೆಯೊಳಗೆ ಸೇರಿಸಬೇಡಿ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಹಿರಿಯರಿಗೆ ಕಷ್ಟವಾಗುವುದು ಆಚೆಯ ಇಮಿಗ್ರೇಷನ್ನಿನಲ್ಲಿ. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಎಲ್ಲಿ ಉಳಿಯುತ್ತೀರಿ ಎಂಬ ಮೂರೇ ಪ್ರಶ್ನೆಗಳಿಗೆ ನಮ್ಮವರು ಮಗಳ ಬಸಿರಿನಿಂದ ಹಿಡಿದು ಅಳಿಯನ ಕಂಪನಿಯವರೆಗೆ ಕಥೆ ಹೇಳುತ್ತಾರೆ, ಪ್ರತಿ ವಾಕ್ಯದಿಂದಲೂ ಹೊಸ ಪ್ರಶ್ನೆ ಹುಟ್ಟುತ್ತದೆ. ಸುಳ್ಳು ಹೇಳಲೇಬಾರದು, ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರಿಸಿದರೆ ಸಾಕು. ಮಗಳ ವಿಳಾಸ, ಫೋನ್ ಸಂಖ್ಯೆ, ಹಿಂದಿರುಗುವ ಟಿಕೆಟ್ ಒಂದೇ ಹಾಳೆಯಲ್ಲಿ ಅಚ್ಚಾಗಿ ಕೈಯಲ್ಲಿರಲಿ. ಇಂಗ್ಲಿಷ್ ಅರ್ಥವಾಗದಿದ್ದರೆ ತಲೆಯಾಡಿಸದೆ ಕನ್ನಡ ದುಭಾಷಿ ಬೇಕೆಂದು ಕೇಳಲಿ. ಒಳಗೆ ಹೋದ ಮೇಲೆ ಮಕ್ಕಳು ಆನ್‌ಲೈನಿನಲ್ಲಿ ಐ-94 ಎಂಬ ಪ್ರವೇಶ ದಾಖಲೆಯನ್ನು ತೆರೆದು ನೋಡಬೇಕು. ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಅದರಲ್ಲಿನ ತಾರೀಖೇ ಹೊರತು ವೀಸಾ ಮುಗಿಯುವ ತಾರೀಖಲ್ಲ.

ದುಬೈಗೆ ಹೊರಟವರು ಗಸಗಸೆಯನ್ನು ಮನೆಯಲ್ಲೇ ಬಿಡಬೇಕು. ನಮಗೆ ಅದು ಹಬ್ಬದ ಪಾಯಸವಾದರೂ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಿಷೇಧಿತ ವಸ್ತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ 2022ರ ನವೆಂಬರಿನಿಂದ ಅಲ್ಲಿ ಸಂದರ್ಶಕರ ವೀಸಾದ ಪ್ರವೇಶಕ್ಕೆ ತೊಡಕಿದೆಯಾದ್ದರಿಂದ, ಇನಿಷಿಯಲ್ಲುಗಳ ಊರಿನವರಾದ ನಾವು ಟಿಕೆಟ್ ಕೊಳ್ಳುವ ಮೊದಲೇ ಇದನ್ನು ವಿಚಾರಿಸಬೇಕು. ನ್ಯೂಜಿಲೆಂಡಿನಲ್ಲಿ ಅಪಾಯಕಾರಿ ತಿನಿಸನ್ನು ಘೋಷಿಸದೆ ಒಯ್ದವರಿಗೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳಬಹುದು. ಘೋಷಿಸಿದವರ ಉಪ್ಪಿನಕಾಯಿ ಹೆಚ್ಚೆಂದರೆ ಕಸದ ಡಬ್ಬಿ ಸೇರುತ್ತದೆ.

ಇಷ್ಟರ ಮೇಲೂ ಇಲ್ಲಿನ ಕಸ್ಟಮ್ಸ್‌ನವರು ವಸ್ತುವನ್ನು ಹಿಡಿದಿಟ್ಟುಕೊಂಡರೆ ದನಿ ಏರಿಸದೆ ರಸೀದಿ ಕೇಳಿ. ನೀವು ನಿಜವಾಗಿ ಘೋಷಿಸಿದ ವಸ್ತುವಾಗಿದ್ದರೆ, 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ನಿನ ಪ್ರಕಾರ, ದೇಶ ಬಿಡುವಾಗ ವಾಪಸು ಪಡೆಯುವಂತೆ ಇಟ್ಟುಕೊಳ್ಳಲು ಕೋರಬಹುದು. ಹೆಂಗಸರ ಮೈತಪಾಸಣೆಯನ್ನು ಹೆಂಗಸರೇ ಮಾಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಸಹಿಗೆಂದು ಕೊಟ್ಟ ಹಾಳೆಯಲ್ಲಿ, ಮುಟ್ಟುಗೋಲಿಗೆ ಕಾರಣ ತಿಳಿಸುವ ಲಿಖಿತ ನೋಟಿಸ್ ಬೇಡವೆಂದು ಒಪ್ಪುವ ಸಾಲಿದೆಯೇ ಎಂದು ಪೂರ್ತಿ ಓದಿ. ದಣಿದವರು ಅದನ್ನು ಓದದೆ ಸಹಿ ಹಾಕುತ್ತಾರೆ. ಸುಂಕವನ್ನು ರಸೀದಿಯಿಲ್ಲದೆ ಕಟ್ಟಬಾರದು. ಆದೇಶದ ಪ್ರತಿ ಕೈಗೆ ಬಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಧಿಕಾರಿಯ ವರ್ತನೆಯ ಬಗ್ಗೆ ದೂರಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದಾಖಲಿಸಬೇಕು. ಅದಕ್ಕಾಗಿ ಕೌಂಟರಿನ ಸಂಖ್ಯೆ, ಸಮಯ ಮತ್ತು ಎದೆಯ ಪಟ್ಟಿಯ ಮೇಲಿನ ಹೆಸರನ್ನು ಟ್ಯಾಕ್ಸಿ ಹತ್ತಿದ ಕೂಡಲೇ ಬರೆದಿಟ್ಟುಕೊಳ್ಳಿ. ಸಭಾಂಗಣದೊಳಗೆ ಮೊಬೈಲ್ ಹಿಡಿದು ವಿಡಿಯೊ ಮಾಡಲು ಹೋದರೆ ದೂರು ನಿಮ್ಮ ಮೇಲೆಯೇ ತಿರುಗುತ್ತದೆ.