ಸ್ನಾನ 11 ಗಂಟೆಗೆ

ಮೈಸೂರಿನ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಸೇರಿದ ಹೊಸದರಲ್ಲಿ ಹಾಸನ ಕಡೆಯ ಅಜ್ಜಿಯೊಬ್ಬರು ಬೆಳಿಗ್ಗೆ 6ಕ್ಕೆ ಸ್ನಾನಕ್ಕೆ ಕರೆದರೆ ಸಾಕು, ಕಿರುಚಿ ಆಯಾಗಳ ಕೈ ತಳ್ಳುತ್ತಿದ್ದರು. ಬಿಪಿ ಏರುತ್ತಿತ್ತು. ರಿಜಿಸ್ಟರಿನಲ್ಲಿ ‘ಹಠ’ ಅಂತ ಬರೆದಿದ್ದೆವು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, “ಮನೇಲಿ ಯಾವಾಗ ಸ್ನಾನ ಮಾಡ್ತಿದ್ರಿ ಅಜ್ಜಿ?” ಅಂತ ಕೇಳಿದೆ. “ಕೊಟ್ಟಿಗೆ, ಅಡಿಗೆ ಎಲ್ಲ ಮುಗಿಸೋ ಹೊತ್ಗೆ 11 ಆಗೋದು ಕಣವ್ವ.” ಮರುದಿನದಿಂದ 11ಕ್ಕೇ ನೀರು ಕಾಯಿಸಿದೆವು. ಕಿರುಚಾಟ ವಾರದೊಳಗೆ ನಿಂತಿತು.

ಇಲ್ಲಿನ ವೃದ್ಧರನ್ನು ಹಿಂಡುವುದು ನೋವು, ಒಂಟಿತನ ಮಾತ್ರವಲ್ಲ. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಬೇರೆಯವರ ಗಡಿಯಾರದಂತೆ ನಡೆಯುವುದು. ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕನೆಕ್ಟಿಕಟ್‌ನ ನರ್ಸಿಂಗ್ ಹೋಮಿನಲ್ಲಿ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದೆ. ತಮ್ಮ ದಿನದ ತೀರ್ಮಾನಗಳನ್ನು ತಾವೇ ಮಾಡಿ, ಒಂದು ಗಿಡವನ್ನೂ ನೋಡಿಕೊಂಡ ವೃದ್ಧರು ಉಳಿದವರಿಗಿಂತ ಚುರುಕಾಗಿ, ಸಂತೋಷವಾಗಿ ಇದ್ದರಂತೆ.

ನಾವೂ ತುಳಸಿ, ದೊಡ್ಡಪತ್ರೆ ಕುಂಡ ಕೊಟ್ಟೆವು. ಆದರೆ ನಮ್ಮಲ್ಲಿ ಗೆದ್ದಿದ್ದು ಅವರೆಕಾಯಿ! ಸಂಜೆ 5ರ ಮೇಲೆ ಚಡಪಡಿಕೆ ಜಾಸ್ತಿ: ಗೇಟಿನ ಕಡೆ ನೋಟ, ಸೆರಗು ತಿರುಚುವುದು. ಚಳಿಗಾಲದಲ್ಲಿ ಆ ಹೊತ್ತಿಗೆ ಸರಿಯಾಗಿ ಕಾಯಿ ತಂದು ಸುರಿದೆವು. ಸುಲಿಯುತ್ತಾ ಯಾರ ಹೊಲದ ಸೊಗಡು ಹೆಚ್ಚು ಅಂತ ವಾದ. ಮರುದಿನ ನೆನೆದ ಕಾಳು ಹಿತುಕಲು ನನಗೆ ಬರಲಿಲ್ಲ. ಅದೇ ಅಜ್ಜಿ ನನ್ನ ಬೆರಳು ಹಿಡಿದು ಕಲಿಸಿದರು. ಅವತ್ತು ರಾತ್ರಿ ಅವರು ನಿದ್ದೆ ಮಾತ್ರೆ ಕೇಳಲಿಲ್ಲ.

ಇವರ ಮಕ್ಕಳಿಗೂ ಹೇಳುತ್ತೇನೆ: “ಬಿಡುವಾದಾಗ ಫೋನ್ ಮಾಡ್ತೀನಿ” ಅನ್ನಬೇಡಿ, ದಿನ, ಗಂಟೆ ಹೇಳಿ. ಕಾಯುವುದೇ ಅವರನ್ನು ಸುಸ್ತು ಮಾಡುತ್ತದೆ. ಇನ್ನು, ಇದ್ದಕ್ಕಿದ್ದಂತೆ ಗೊಂದಲ, ಮಂಪರು ಬಂದರೆ ಮನಸ್ಸಿನದ್ದು ಅಂತ ಬಿಡಬಾರದು. ಮೂತ್ರದ ಸೋಂಕಿನಿಂದಲೂ, ಮಾತ್ರೆಗಳಿಂದಲೂ ಹಾಗಾಗುತ್ತದೆ. ಕೂಡಲೇ ಡಾಕ್ಟರಿಗೆ ತೋರಿಸಬೇಕು.

ನಾನು ತಿದ್ದಿಕೊಂಡ ಇನ್ನೊಂದು ತಪ್ಪಿದೆ. ಯಾರಾದರೂ ತೀರಿಕೊಂಡರೆ ಮೊದಲು ರಾತ್ರೋರಾತ್ರಿ ಮಂಚ ಖಾಲಿ ಮಾಡಿ, “ಆಸ್ಪತ್ರೇಲಿದಾರೆ” ಅನ್ನುತ್ತಿದ್ದೆವು. ಎಲ್ಲರಿಗೂ ಗೊತ್ತಿರುತ್ತಿತ್ತು, ಎರಡು ದಿನ ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಈಗ ಹಜಾರದಲ್ಲಿ ದೀಪ ಹಚ್ಚಿ, ಹೆಸರು ಹೇಳಿ ಕೂರುತ್ತೇವೆ. ಅಳುವವರು ಅಳುತ್ತಾರೆ. ದೀಪಕ್ಕೆ ಎಣ್ಣೆ ಹಾಕುವುದು ಪಕ್ಕದ ಮಂಚದವರು.