ಗೋಡೌನಿನಲ್ಲೇ ಸೈಟ್ ಆನ್ ಮಾಡಿ ಟೆರೇಸಿಗೆ ಹತ್ತಿಸಿದೆವು: ಸ್ವಾಪ್ ಕೆಲಸದಲ್ಲಿ ನನ್ನ ಅನುಭವ

ಸ್ವಾಪ್ ಅಂದರೆ ಮೊಬೈಲ್ ಟವರ್ ಸೈಟಿನಲ್ಲಿ ಒಂದು ಸಪ್ಲೈಯರ್ ಕಂಪನಿಯ ರೇಡಿಯೋ ಸಾಮಾನು ತೆಗೆದು ಇನ್ನೊಂದರದ್ದನ್ನು ಹಾಕುವುದು; ನಾನು ಆ ಕೆಲಸದ ಕಾಂಟ್ರಾಕ್ಟರ್. ಅಂಥ ಸೈಟಿನ ಅಷ್ಟೂ ಸಾಮಾನನ್ನು ಪೀಣ್ಯದ ಗೋಡೌನಿನಲ್ಲಿ ಜೋಡಿಸಿ, ಸಾಫ್ಟ್‌ವೇರ್ ಹಾಕಿ, ರಾತ್ರಿಯಿಡೀ ಓಡಿಸಿ, ಆಮೇಲೆ ಬಿಚ್ಚಿ ಸೈಟಿಗೆ ಒಯ್ಯುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. "ಎರಡು ಸಲ ಕೆಲಸ ಮಾಡಿ ಒಂದು ಸಲದ ದುಡ್ಡು ತಗೋತೀಯಾ?" ಎಂದರು ನಮ್ಮ ಲೈನಿನ ಹಳಬರು. ಸಪ್ಲೈಯರ್ ಕಡೆಯ ರೋಲ್‌ಔಟ್ ಮ್ಯಾನೇಜರ್‌ಗೆ ಬೇರೆ ಭಯ. ಪೀಣ್ಯದಿಂದ ಬನಶಂಕರಿ ತನಕ ನಮ್ಮ ರಸ್ತೆಯಲ್ಲಿ ಕುಲುಕಿಕೊಂಡು ಹೋದರೆ ಟೆಸ್ಟ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದರು. ಈಗ ಅವರೇ ಬೇರೆ ಕಾಂಟ್ರಾಕ್ಟರ್‌ಗಳನ್ನು ಕರೆತಂದು ನಮ್ಮ ಗೋಡೌನ್ ತೋರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2022ರ ಆಗಸ್ಟ್‌ನಲ್ಲಿ 5ಜಿ ಹರಾಜು ಮುಗಿದ ಮೇಲೆ ಏರ್‌ಟೆಲ್ ರೇಡಿಯೋ ಸಾಮಾನಿಗಾಗಿ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್ ಜೊತೆ ಒಪ್ಪಂದ ಮಾಡಿಕೊಂಡಿತು. ಜಿಯೋ ಎರಿಕ್ಸನ್ ಮತ್ತು ನೋಕಿಯಾವನ್ನು ಹಿಡಿಯಿತು. 2024ರ ಸೆಪ್ಟೆಂಬರ್‌ನಲ್ಲಿ ವೊಡಾಫೋನ್ ಐಡಿಯಾ ಅವೇ ಮೂರು ಕಂಪನಿಗಳಿಗೆ ಮೂರು ವರ್ಷದ, ಹತ್ತಿರ ಹತ್ತಿರ 30,000 ಕೋಟಿ ರೂಪಾಯಿಯ ಆರ್ಡರ್ ಕೊಟ್ಟಿತು. ಬಿಎಸ್‌ಎನ್‌ಎಲ್ 4ಜಿಗೆ ರೇಡಿಯೋ ಕೊಟ್ಟ ತೇಜಸ್ ಅಂತೂ ನಮ್ಮ ಬೆಂಗಳೂರಿನದೇ. ಇಷ್ಟು ದೊಡ್ಡ ಒಪ್ಪಂದಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಚಿಕ್ಕಪೇಟೆಯ ಯಾವುದೋ ಹಳೇ ಕಟ್ಟಡದ ಟೆರೇಸಿನಲ್ಲಿ, ರಾತ್ರಿ ಹನ್ನೆರಡರಿಂದ ಐದರ ಒಳಗೆ. ನಾನು ಯಾರಿಗೆ ಮಾಡಿದೆ ಎಂದು ಹೆಸರು ಹೇಳುವುದಿಲ್ಲ. ಕೆಲಸ ಇನ್ನೂ ನಡೆಯುತ್ತಿದೆ.

ಮಾಮೂಲಿ ಪದ್ಧತಿ ಹೀಗೆ. ಹನ್ನೆರಡಕ್ಕೆ ಹಳೇ ಸಪ್ಲೈಯರ್‌ನ ರೇಡಿಯೋ ಆಫ್, ಇಳಿಸು, ಹೊಸದನ್ನು ಏರಿಸು, ಫೈಬರ್, ಪವರ್, ಆಮೇಲೆ ಸಾಫ್ಟ್‌ವೇರ್. ಅಲ್ಲೇ ಕುತ್ತಿಗೆಗೆ ಬರುವುದು. ಬ್ಯಾಕ್‌ಹಾಲ್ (ಸೈಟನ್ನು ನೆಟ್‌ವರ್ಕಿಗೆ ಸೇರಿಸುವ ಲಿಂಕ್) ಸಣ್ಣದಿದ್ದರೆ ರೇಡಿಯೋಗಳಿಗೆ ಸಾಫ್ಟ್‌ವೇರ್ ಇಳಿಯುವಷ್ಟರಲ್ಲಿ ರಾತ್ರಿ ಮೂರು ಗಂಟೆ. ಆಗ ದೋಷ ತೋರಿಸುವ ಒಂದು ಅಲಾರಂ ಹೋಗದೆ ಉಳಿದರೆ ಮುಗಿಯಿತು, ರೋಲ್‌ಬ್ಯಾಕ್, ಅಂದರೆ ಹಳೇ ರೇಡಿಯೋವನ್ನೇ ಮತ್ತೆ ಆನ್ ಮಾಡಬೇಕು. ಒಂದು ರೋಲ್‌ಬ್ಯಾಕ್ ಅಂದರೆ ಆರು ಜನರ ರಾತ್ರಿ ಕೂಲಿ, ಪಿಕಪ್ ಗಾಡಿ, ಊಟ ಸೇರಿ ಹನ್ನೆರಡರಿಂದ ಹದಿನೈದು ಸಾವಿರ ನೀರುಪಾಲು. ಒಂದು ಸೈಟಿಗೆ ನಮಗೆ ಉಳಿಯುವುದೇ ಹೆಚ್ಚುಕಡಿಮೆ ಅಷ್ಟು. ಮೊದಲ ಕೆಲವು ತಿಂಗಳು ಮೂರು ಸೈಟಿಗೆ ಒಂದಾದರೂ ಹೀಗೆ ಹೋಗುತ್ತಿತ್ತು. ಹೆಂಡತಿಯ ಒಡವೆ ಅಡವಿಟ್ಟು ಹುಡುಗರಿಗೆ ಸಂಬಳ ಕೊಟ್ಟ ತಿಂಗಳೂ ಇದೆ.

ಅದಕ್ಕೇ ಗೋಡೌನ್ ಹಿಡಿದೆ. ಬಾಡಿಗೆ ನಲವತ್ತು ಸಾವಿರದ ಆಸುಪಾಸು. ಸೆಕೆಂಡ್ ಹ್ಯಾಂಡ್ ರೆಕ್ಟಿಫೈಯರ್ ಹಾಕಿ ಸೈಟಿನಲ್ಲಿರುವ ಹಾಗೆ ಮೈನಸ್ 48 ವೋಲ್ಟ್ ಡಿಸಿ ಮಾಡಿಕೊಂಡೆ. ಆರ್‌ಆರ್‌ಯು (ಆಂಟೆನಾ ಹತ್ತಿರ ಕೂರುವ ರೇಡಿಯೋ ಪೆಟ್ಟಿಗೆ) ಪೋರ್ಟುಗಳಿಗೆ ಆಂಟೆನಾ ಬದಲು ಸಿಗ್ನಲ್ ನುಂಗುವ ಡಮ್ಮಿ ಲೋಡ್. ಹಲವು ಸಣ್ಣ ಆಂಟೆನಾ ಸೇರಿದ 5ಜಿಯ ಮ್ಯಾಸಿವ್ ಮೈಮೋ ಆಂಟೆನಾಗೆ ಹೊರಗೆ ಪೋರ್ಟೇ ಇಲ್ಲ, ರೇಡಿಯೋ ಒಳಗೇ ಇದೆ. ಅದಕ್ಕೆ ಸೆಲ್ ಲಾಕ್‌ನಲ್ಲೇ ಇಟ್ಟು, ಅಂದರೆ ಸಿಗ್ನಲ್ ಹೊರಗೆ ಹೋಗದ ಹಾಗೆ, ಟೆಸ್ಟ್ ಮಾಡಬೇಕು. ಗೋಡೌನಿನಲ್ಲಿ ಸಿಗ್ನಲ್ ಬಿಡುವ ಹಾಗಿಲ್ಲ, ಇದರಲ್ಲಿ ಯಾರೂ ಧೈರ್ಯ ತೋರಿಸಬೇಡಿ. ಸೈಟಿನಲ್ಲಿ ಯಾವ ಫೈಬರ್ ಹಾಕುತ್ತೇವೋ ಅದೇ ಫೈಬರ್, ಅದೇ ಎಸ್‌ಎಫ್‌ಪಿ (ಫೈಬರ್ ಚುಚ್ಚುವ ಮಾಡ್ಯೂಲ್), ಅದೇ ಬಿಬಿಯು (ರೇಡಿಯೋಗಳನ್ನು ನಡೆಸುವ ಮುಖ್ಯ ಪೆಟ್ಟಿಗೆ) ಕಾರ್ಡ್. ಒಂದು ಸೆಟ್ ಅಂದರೆ ಒಂದು ಸೆಟ್. ಸೈಟಿನ ಮೂರು ದಿಕ್ಕಿನ ಸೆಕ್ಟರುಗಳಲ್ಲಿ ಆಲ್ಫಾಗೆ ಕೆಂಪು ಟೇಪ್, ಬೀಟಾಗೆ ಹಳದಿ, ಗಾಮಾಗೆ ನೀಲಿ. ಬಿಚ್ಚಿ ಪ್ಯಾಕ್ ಮಾಡಿದ ಮೇಲೆ ಒಂದು ಸೆಟ್ಟಿನ ಸಾಮಾನು ಇನ್ನೊಂದಕ್ಕೆ ಹೋಗಕೂಡದು.

ಇಲ್ಲಿ ಸಿಕ್ಕಿದ್ದು ಏನು ಗೊತ್ತಾ? ಧೂಳು. ಫೈಬರಿನ ಎಲ್‌ಸಿ ಕನೆಕ್ಟರ್ ತುದಿಯನ್ನು ಫೈಬರ್ ಸ್ಕೋಪಿನಲ್ಲಿ ನೋಡಿದರೆ ಬಿಳೀ ವೃತ್ತದ ನಡುವೆ ಬೆಳಕು ಹೋಗುವ ಕೋರ್ ಕಾಣುತ್ತದೆ, ಅದರ ಮೇಲೆ ಕಪ್ಪಗೆ ಒಂದು ಕಣ. ಪ್ಯಾಕೆಟ್ ಒಡೆದ ಹೊಸ ಪ್ಯಾಚ್‌ಕಾರ್ಡಿನಲ್ಲೂ ಅದಿತ್ತು. ಹಳೇ 10ಜಿ (ಸೆಕೆಂಡಿಗೆ 10 ಗಿಗಾಬಿಟ್) ಫೈಬರ್ ಲಿಂಕು ಇಷ್ಟು ಕೊಳೆಯನ್ನು ಹೇಗೋ ತಡೆದುಕೊಳ್ಳುತ್ತಿತ್ತು. 25ಜಿ ತಡೆಯುವುದಿಲ್ಲ. ಲಿಂಕ್ ಬರುತ್ತದೆ, ಎರಡು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಸಿಆರ್‌ಸಿ ಎರರ್ (ಡೇಟಾ ಕೆಟ್ಟು ಬಂದ ಲೆಕ್ಕ) ಏರುತ್ತಾ ಹೋಗಿ ಬಿದ್ದುಬಿಡುತ್ತದೆ. ರಾತ್ರಿ ಟೆರೇಸಿನಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು ಇದನ್ನು ಹಿಡಿಯುವುದು ಕಷ್ಟ. ಗೋಡೌನಿನ ಟೇಬಲ್ ಮೇಲೆ ಸ್ಕೋಪ್ ಇಟ್ಟು ಒರೆಸಿ, ಮತ್ತೆ ನೋಡಿ, ಕ್ಯಾಪ್ ಹಾಕಿದರೆ ಆಯಿತು. ನಮ್ಮ ರೋಲ್‌ಬ್ಯಾಕುಗಳಲ್ಲಿ ಅರ್ಧಕ್ಕರ್ಧ ಇದೊಂದರಿಂದಲೇ ನಿಂತವು.

ಇನ್ನು ಕುಲುಕಾಟದ ಮಾತು. ನಲವತ್ತು ಕೆಜಿ ಹತ್ತಿರದ ಆಂಟೆನಾವನ್ನು ಹೇಗೆ ಪ್ಯಾಕ್ ಮಾಡುತ್ತೇನೆ, ಫೈಬರ್ ತುದಿಯನ್ನು ಯಾವುದರೊಳಗೆ ಕೂರಿಸುತ್ತೇನೆ ಎನ್ನುವುದನ್ನು ಬರೆಯುವುದಿಲ್ಲ. ನನಗೆ ಕೆಲಸ ಸಿಗುತ್ತಿರುವುದೇ ಅದರಿಂದ. ಇಷ್ಟು ಹೇಳುತ್ತೇನೆ: ಕಂಪನಿ ಕೊಟ್ಟ ರಟ್ಟಿನ ಪೆಟ್ಟಿಗೆಯನ್ನೇ ಮತ್ತೆ ಬಳಸಬೇಡಿ.

ಸೈಟಿನಲ್ಲಿ ಹಿಂದಿನ ದಿನವೇ ಹಳೇ ಪೈಪಿನ ಪಕ್ಕ ಹೊಸ ಪೈಪ್ ನಿಲ್ಲಿಸಿ ಆಂಟೆನಾ ಕಟ್ಟಿಬಿಡುತ್ತೇವೆ. ಅವೆನ್ಯೂ ರಸ್ತೆಯ ಮೆಟ್ಟಿಲುಗಳಲ್ಲಿ ಪೆಟ್ಟಿಗೆ ತಿರುಗುವುದೇ ಇಲ್ಲ. ಅಲ್ಲಿ ಬೆಳಗಿನ ಜಾವ ಅಂಗಡಿ ತೆರೆಯುವ ಮೊದಲು ಹಗ್ಗ, ರಾಟೆ ಕಟ್ಟಿ ಮುಂಭಾಗದಿಂದಲೇ ಎಳೆಯಬೇಕು. ರಾತ್ರಿಗೆ ಉಳಿಯುವುದು ಪವರ್, ಜಂಪರ್ (ರೇಡಿಯೋ, ಆಂಟೆನಾ ನಡುವಿನ ಸಣ್ಣ ಕೇಬಲ್) ಮತ್ತು ಟ್ರಾನ್ಸ್‌ಮಿಷನ್ (ಬ್ಯಾಕ್‌ಹಾಲ್ ಲಿಂಕ್) ಬದಲಾವಣೆ ಮಾತ್ರ. ಈಗ ಸೈಟ್ ಡೌನ್ ಇರುವುದು ಮುಕ್ಕಾಲು ಗಂಟೆ, ಕೆಟ್ಟರೆ ಒಂದೂವರೆ.

ಹಾಗಂತ ಎಲ್ಲ ಸಲೀಸಾಗಿ ಹೋಗಲಿಲ್ಲ. ಗೋಡೌನಿನಲ್ಲಿ ಹಸಿರು ದೀಪ ಉರಿದದ್ದು ಸೈಟಿನಲ್ಲಿ ಸತ್ತ ಹಾಗೆ ಕೂತ ರಾತ್ರಿಗಳಿವೆ. ಎರಡೇ ಕಾರಣ.

ಒಂದು, ವಿಎಲ್ಯಾನ್, ಅಂದರೆ ಒಂದೇ ಲಿಂಕಿನಲ್ಲಿ ಬೇರೆ ಬೇರೆ ಟ್ರಾಫಿಕ್ಕಿಗೆ ಕೊಡುವ ನಂಬರು. ಟ್ರಾನ್ಸ್‌ಮಿಷನ್ ಆಪರೇಟರ್‌ನದು, ರೇಡಿಯೋ ಸಪ್ಲೈಯರ್‌ನದು. ರಾತ್ರಿ ಎರಡಕ್ಕೆ ಒಬ್ಬರು "ನಮ್ಮ ಕಡೆ ಸರಿ ಇದೆ" ಅನ್ನುತ್ತಾರೆ, ಇನ್ನೊಬ್ಬರೂ ಅದನ್ನೇ ಅನ್ನುತ್ತಾರೆ. ನಡುವೆ ನಾವು. ಇದಕ್ಕೆ ನಾನು ಹಟ ಹಿಡಿದು ಒಂದು ನಿಯಮ ಮಾಡಿಸಿದೆ. ಹಿಂದಿನ ದಿನ ಮಧ್ಯಾಹ್ನ ಸೈಟಿನ ಟ್ರಾನ್ಸ್‌ಮಿಷನ್ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿ, ಸೈಟಿನದೇ ವಿಎಲ್ಯಾನ್ ಮತ್ತು ಐಪಿ ಹಾಕಿ ಪಿಂಗ್ ಮಾಡುತ್ತೇವೆ. ಪಿಂಗ್ ಬರದಿದ್ದರೆ ರಾತ್ರಿ ಗಾಡಿ ಹೊರಡುವುದಿಲ್ಲ. ರಾತ್ರಿ ಕೆಲಸ ಮುಗಿಯುವ ತನಕ ಎರಡೂ ಕಡೆಯವರು ಒಂದೇ ಕಾಲ್‌ನಲ್ಲಿ ಇರಬೇಕು. ಎರಡು ಕಂಪನಿ ಕೂಡಿ ಕೆಲಸ ಮಾಡುವುದು ಅಂದರೆ ನನ್ನ ಪ್ರಕಾರ ಆ ಒಂದು ಕಾಲ್, ಅಷ್ಟೇ.

ಇನ್ನೊಂದು, ಜಿಪಿಎಸ್. 5ಜಿಯ 3.5 ಗಿಗಾಹರ್ಟ್ಸ್ ಟಿಡಿಡಿ, ಅಂದರೆ ಕಳಿಸುವುದೂ ಪಡೆಯುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ. ಆ ಸರದಿಗೆ ಬೇಕಾದ ಸಮಯ ಜಿಪಿಎಸ್‌ನಿಂದ ಬರುತ್ತದೆ. ಫೇಸ್ (ಸಮಯದ ವ್ಯತ್ಯಾಸ) 1.5 ಮೈಕ್ರೋಸೆಕೆಂಡ್ ಒಳಗೆ ಇರಬೇಕು, ಇಲ್ಲದಿದ್ದರೆ ಪಕ್ಕದ ಸೈಟನ್ನೂ ಕೆಡಿಸುತ್ತದೆ. ಬೆಂಗಳೂರಿನ ಶ್ರೀನಗರದ ಒಂದು ಮನೆಯ ಮೇಲೆ ಮೂರು ನೀರಿನ ಟ್ಯಾಂಕು, ಅದರಾಚೆ ಹೊಸದಾಗಿ ಎದ್ದ ಐದು ಅಂತಸ್ತು. ಆಕಾಶವೇ ಕಾಣದು. ಎರಡೋ ಮೂರೋ ಉಪಗ್ರಹ ಸಿಕ್ಕವು, ಲಾಕ್ ಆಗಲಿಲ್ಲ. ಅವತ್ತು ಜಿಪಿಎಸ್ ಆಂಟೆನಾವನ್ನು ಟ್ಯಾಂಕಿನ ಸ್ಟ್ಯಾಂಡಿನ ತುದಿಗೆ ಏರಿಸಿ ಕೆಲಸ ಮುಗಿಸಿದೆವು. ಈಗ ಸರ್ವೇಗೆ ಹೋದಾಗಲೇ ಫೋನಿನ ಜಿಪಿಎಸ್ ಆ್ಯಪ್ ಹಿಡಿದು ಟೆರೇಸ್ ಸುತ್ತುತ್ತೇನೆ. ಆಗದ ಕಡೆ 1588 ಸಿಂಕ್ (ನೆಟ್‌ವರ್ಕ್ ಲಿಂಕಿನಿಂದಲೇ ಸಮಯ ಪಡೆಯುವ ಪದ್ಧತಿ) ಬೇಕು ಎಂದು ಮೊದಲೇ ಬರೆದುಕೊಡುತ್ತೇನೆ.

ಕಾಟನ್‌ಪೇಟೆಯ ಸೈಟಿನ ಕಥೆ ಬೇರೆಯೇ. ಎಲ್ಲ ಮುಗಿದು ಆನ್ ಆದ ಮೇಲೆ ಒಂದೇ ಸೆಕ್ಟರಿನಲ್ಲಿ ಅಪ್‌ಲಿಂಕ್ (ಫೋನಿನಿಂದ ಸೈಟಿಗೆ ಬರುವ ಕಡೆಯ) ನಾಯ್ಸ್ ಮೇಲೆ ನಿಂತಿತು. ಜಂಪರ್ ಬದಲಿಸಿದೆವು, ಕನೆಕ್ಟರ್ ಮತ್ತೆ ಟಾರ್ಕ್ ಮಾಡಿದೆವು, ಹೊಸ ಆಂಟೆನಾವನ್ನೇ ಅನುಮಾನಿಸಿದೆವು. ಕೊನೆಗೆ ಪಕ್ಕದ ಟೆರೇಸಿನ ತುಕ್ಕು ಹಿಡಿದ ತಗಡಿನ ಶೀಟು. ಒದ್ದೆ ಗೋಣಿಚೀಲ ಹೊದಿಸಿದರೆ ನಾಯ್ಸ್ ಇಳಿಯುತ್ತದೆ, ತೆಗೆದರೆ ಏರುತ್ತದೆ. ಪಿಮ್ ಅಂದರೆ ಇದೇ, ತುಕ್ಕು ಹಿಡಿದ ಲೋಹಕ್ಕೆ ನಮ್ಮದೇ ಸಿಗ್ನಲ್ ಬಡಿದು ನಾಯ್ಸ್ ಹುಟ್ಟುವುದು. ಮನೆಯವರಿಗೆ ಹೊಸ ಶೀಟು ಹಾಕಿಸಿಕೊಟ್ಟೆ, ಐದಾರು ಸಾವಿರ ಕೈಯಿಂದ ಹೋಯಿತು. ಸೈಟ್ ಪಾಸ್ ಆಯಿತು.

ಮರಗಳ ಮೇಲೂ ಒಂದು ಪ್ರಯೋಗ ಮಾಡಿದೆ, ಇದನ್ನು ಯಾರೂ ಕೇಳಿರಲಿಲ್ಲ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮಳೆಗೆ ಮುಂಚೆ ಒಂದು ಸಲ, ಎಲೆಯಿಂದ ನೀರು ತೊಟ್ಟಿಕ್ಕುವಾಗ ಒಂದು ಸಲ, ಅದೇ ದಾರಿಯಲ್ಲಿ ಅದೇ ಫೋನ್ ಹಿಡಿದು ನಡೆದೆ. ದಟ್ಟ ಮರದ ಕೆಳಗೆ 3.5 ಗಿಗಾಹರ್ಟ್ಸ್ ಸಿಗ್ನಲ್ ನಾಲ್ಕೈದು ಡಿಬಿ (ಡೆಸಿಬೆಲ್) ಇಳಿಯುತ್ತಿತ್ತು. 1800 ಮೆಗಾಹರ್ಟ್ಸ್‌ನಲ್ಲಿ ಅಷ್ಟಿಲ್ಲ. ಬೇಸಿಗೆಯ ಡ್ರೈವ್ ಟೆಸ್ಟ್ (ಓಡಾಡಿ ಸಿಗ್ನಲ್ ಅಳೆದದ್ದು) ನೋಡಿ ಟಿಲ್ಟ್ (ಆಂಟೆನಾ ಕೆಳಗೆ ಬಾಗಿಸುವ ಕೋನ) ಕೂರಿಸಿದರೆ ಜೂನ್‌ನಲ್ಲಿ ದೂರು ಬರುತ್ತದೆ. ಅಂಥ ರಸ್ತೆಗಳಲ್ಲಿ ನಾನು ಟಿಲ್ಟ್ ಎಷ್ಟು ಬಿಡುತ್ತೇನೆ ಎನ್ನುವುದು ನನ್ನ ಡೈರಿಯಲ್ಲೇ ಇರಲಿ.

ದುಡ್ಡಿನ ಲೆಕ್ಕ ಹೀಗಿದೆ. ಗೋಡೌನ್, ಕರೆಂಟು, ಇಬ್ಬರು ಹುಡುಗರು ಸೇರಿ ಒಂದು ಸೈಟಿಗೆ ಮೂರೂವರೆಯಿಂದ ನಾಲ್ಕು ಸಾವಿರ ಜಾಸ್ತಿ ಖರ್ಚು. ರೋಲ್‌ಬ್ಯಾಕ್ ಈಗ ಇಪ್ಪತ್ತಕ್ಕೆ ಒಂದು ಬರಬಹುದು. ರಾತ್ರಿ ತಂಡದಲ್ಲಿ ಆರರ ಬದಲು ನಾಲ್ಕು ಜನ ಸಾಕು. ಅಕ್ಸೆಪ್ಟೆನ್ಸ್ ಟೆಸ್ಟ್ (ಕೆಲಸ ಒಪ್ಪಿಕೊಳ್ಳುವ ಮುಂಚಿನ ಪರೀಕ್ಷೆ) ಮೊದಲ ಸಲವೇ ಪಾಸ್ ಆಗುವುದರಿಂದ ಬಿಲ್ಲು ಒಂದು ತಿಂಗಳು ಮುಂಚೆ ಹೋಗುತ್ತದೆ. ಒಡವೆ ಬಿಡಿಸಿಕೊಂಡೆ. ನಮ್ಮ ವಲಯದಲ್ಲಿ ಈಗ ಇಷ್ಟು ಕಡಿಮೆ ಡೌನ್‌ಟೈಮ್ ಕೊಡುವ ತಂಡ ಇನ್ನೊಂದಿಲ್ಲ, ಇದನ್ನು ಆಪರೇಟರ್ ಕಡೆಯವರೇ ಮೀಟಿಂಗಿನಲ್ಲಿ ಹೇಳಿದ್ದಾರೆ.

ಇನ್ನೂ ಸರಿಹೋಗದ್ದು ಹಳೇ ಸಾಮಾನಿನ ವಾಪಸಾತಿ. ಇಳಿಸಿದ ಪ್ರತಿ ಕಾರ್ಡು, ಪ್ರತಿ ರೇಡಿಯೋದ ಸೀರಿಯಲ್ ನಂಬರು ದಾಖಲೆಗೆ ತಾಳೆಯಾಗದಿದ್ದರೆ ಕೊನೆಯ ಕಂತು ನಿಲ್ಲುತ್ತದೆ. ಹತ್ತು ವರ್ಷದಲ್ಲಿ ಎಷ್ಟೋ ಕಾರ್ಡು ಬದಲಾಗಿರುತ್ತವೆ, ದಾಖಲೆಯಲ್ಲಿ ಮಾತ್ರ ಹಳೇ ನಂಬರೇ. ಬಿಚ್ಚುವ ಮೊದಲು, ಕಾರ್ಡು ಸ್ಲಾಟಿನಲ್ಲಿ ಇರುವಾಗಲೇ, ಸೈಟ್ ಐಡಿ ಕಾಣುವ ಹಾಗೆ ಫೋಟೋ ತೆಗೆದು ಅವತ್ತೇ ಮೇಲ್ ಮಾಡಿ. ನಾನು ಹೀಗೆ ಮಾಡಿದ ಸೈಟುಗಳ ದುಡ್ಡು ಬಂದಿದೆ. ಅದಕ್ಕೂ ಹಿಂದಿನವುಗಳ ಕಂತಿಗಾಗಿ ಇನ್ನೂ ಓಡಾಡುತ್ತಿದ್ದೇನೆ.