ಗೆರೆ ಅರ್ಧಕ್ಕೇ ನಿಲ್ಲುತ್ತಿತ್ತು

ನಾನು ಚಿತ್ರ ಬಿಡಿಸುವುದು ಟ್ಯಾಬ್ಲೆಟ್ ಮೇಲೆ, ಆದರೆ ಸಾಫ್ಟ್‌ವೇರ್ ಇರುವುದು ಕಂಪ್ಯೂಟರಿನಲ್ಲಿ. ಕಂಪ್ಯೂಟರಿನ ಪರದೆಯನ್ನು ವೈಫೈ ಮೂಲಕ ಟ್ಯಾಬ್ಲೆಟ್‌ಗೆ ಕಳಿಸುವ ಆ್ಯಪ್ ಒಂದನ್ನು ಹಾಕಿಕೊಂಡಿದ್ದೇನೆ. ಸರಿಯಾಗಿ ನಡೆದರೆ ಕಾಗದದ ಮೇಲೆ ಬರೆದಷ್ಟೇ ಹಿತ. ಕೆಟ್ಟರೆ, ಎಳೆಯುತ್ತಿದ್ದ ಗೆರೆ ಅರ್ಧಕ್ಕೇ ನಿಂತು, ಎರಡು ಸೆಕೆಂಡ್ ಬಿಟ್ಟು ಎಲ್ಲೋ ಹೋಗಿ ಬೀಳುತ್ತದೆ. ಆಮೇಲೆ ‘ಡಿಸ್‌ಕನೆಕ್ಟೆಡ್’.

ಪೂರ್ತಿ ಕೆಟ್ಟಿದ್ದರೆ ಕಂಡುಹಿಡಿಯುವುದು ಸುಲಭ. ಇದು ಅರ್ಧ ಗಂಟೆ ಸರಿ, ಅರ್ಧ ನಿಮಿಷ ಹಾಳು. ಹಾಗಾಗಿ ಏನು ಮಾಡಿದರೂ ಸರಿಹೋಯಿತು ಅನ್ನಿಸುತ್ತಿತ್ತು. ಆ್ಯಪ್ ತೆಗೆದು ಮತ್ತೆ ಹಾಕಿದೆ, ಸರಿಹೋಯಿತು. ರೂಟರ್ ಆಫ್ ಮಾಡಿ ಆನ್ ಮಾಡಿದೆ, ಸರಿಹೋಯಿತು. ಡ್ರೈವರ್ ಅಪ್‌ಡೇಟ್ ಮಾಡಿದೆ, ಆಗಲೂ ಸರಿಹೋಯಿತು! ಮಾರನೇ ದಿನ ಮತ್ತೆ ಅದೇ ಕಥೆ. ಒಂದು ವಾರ ಹೀಗೇ ಕಳೆದ ಮೇಲೆ ಸೆಟ್ಟಿಂಗ್ ಮುಟ್ಟುವುದನ್ನು ಬಿಟ್ಟು ಅಳೆಯಲು ಕೂತೆ.

ಎರಡೂ ಒಂದೇ ವೈಫೈಯಲ್ಲಿದ್ದರೂ ಕಂಪ್ಯೂಟರ್ ಮತ್ತು ಟ್ಯಾಬ್ಲೆಟ್ ನೇರವಾಗಿ ಮಾತಾಡುವುದಿಲ್ಲ. ಕಂಪ್ಯೂಟರಿನಿಂದ ರೂಟರ್‌ಗೆ ಒಂದು ಹಾದಿ, ರೂಟರ್‌ನಿಂದ ಟ್ಯಾಬ್ಲೆಟ್‌ಗೆ ಇನ್ನೊಂದು. ಯಾವ ಹಾದಿ ಕೆಟ್ಟಿದೆ ಎಂದು ಗೊತ್ತಾಗದೆ ಏನು ಮಾಡಿದರೂ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆದು, ಒಂದರಿಂದ ರೂಟರ್‌ಗೆ, ಇನ್ನೊಂದರಿಂದ ಟ್ಯಾಬ್ಲೆಟ್‌ಗೆ ನಿಲ್ಲದೆ ಪಿಂಗ್ ಹಾಕಿದೆ; ಅಂದರೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ನೋಡುವುದು.

ಇಲ್ಲಿ ಮೊದಲು ಮೋಸ ಹೋದೆ. ರೂಟರ್ 3 ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಡುತ್ತಿದ್ದರೆ, ಟ್ಯಾಬ್ಲೆಟ್ ಒಮ್ಮೆ 90, ಒಮ್ಮೆ 150. ಸಿಕ್ಕಿತು ಕಳ್ಳ ಅಂದುಕೊಂಡೆ. ಟ್ಯಾಬ್ಲೆಟ್‌ನ ಬ್ಯಾಟರಿ ಸೆಟ್ಟಿಂಗ್‌ಗಳಲ್ಲೇ ಒಂದು ಸಂಜೆ ಹಾಳಾಯಿತು. ಆಮೇಲೆ ತಿಳಿದದ್ದು ಇಷ್ಟು: ಕೆಲಸವಿಲ್ಲದಾಗ ಟ್ಯಾಬ್ಲೆಟ್ ಬ್ಯಾಟರಿ ಉಳಿಸಲು ತನ್ನ ವೈಫೈ ರೇಡಿಯೋವನ್ನು ಮಲಗಿಸುತ್ತದೆ. ರೂಟರ್ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಸಲ ‘ಬೀಕನ್’ ಎಂಬ ಪುಟ್ಟ ಸಂಕೇತ ಕಳಿಸುತ್ತದೆ. ಅದಕ್ಕೆ ಎದ್ದಾಗಲೇ ಟ್ಯಾಬ್ಲೆಟ್ ತನಗೇನಾದರೂ ಬಂದಿದೆಯಾ ಎಂದು ಕೇಳುವುದು. ಸುಮ್ನೆ ಇಟ್ಟ ಟ್ಯಾಬ್ಲೆಟ್ ತಡವಾಗಿ ಉತ್ತರಿಸುವುದು ರೋಗವಲ್ಲ, ನಿದ್ದೆ. ಪರದೆ ಕಳಿಸುವ ಆ್ಯಪ್ ಓಡುತ್ತಿರುವಾಗ ಅಳೆದರೆ ಆ ಅಂಕಿ ತಾನಾಗಿಯೇ ಇಳಿಯಿತು.

ಸರಿ, ಎರಡೂ ಕಿಟಕಿ ತೆರೆದಿಟ್ಟೇ ಚಿತ್ರ ಬಿಡಿಸತೊಡಗಿದೆ. ಸುಮಾರು ಹೊತ್ತಿನ ಮೇಲೆ ಗೆರೆ ನಿಂತಿತು. ಪಕ್ಕಕ್ಕೆ ನೋಡಿದರೆ ರೂಟರ್‌ನ ಕಿಟಕಿಯಲ್ಲೇ 400, 700, ಆಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ (ಉತ್ತರವೇ ಬರಲಿಲ್ಲ). ಅಂದರೆ ಟ್ಯಾಬ್ಲೆಟ್‌ದು ಏನೂ ತಪ್ಪಿಲ್ಲ. ಕೆಟ್ಟಿದ್ದು ಕಂಪ್ಯೂಟರಿನ ಕಡೆಯ ಹಾದಿ. ಅಷ್ಟು ದಿನ ಟ್ಯಾಬ್ಲೆಟ್ಟನ್ನು ಬೈದಿದ್ದೇ ಬಂತು.

ಹೀಗಾಗುವ ಹೊತ್ತಿಗೆ ನಾನೇನು ಮಾಡುತ್ತಿದ್ದೆ? ಮೂರನೇ ಸಲ ಗಮನಕ್ಕೆ ಬಂತು: ಫೈಲ್ ಸೇವ್ ಮಾಡಿದ ಕೂಡಲೇ. ನನ್ನ ಫೈಲ್‌ಗಳು ದೊಡ್ಡವು, ಸೇವ್ ಆಗುವುದು ಹೊರಗಿನ ಹಾರ್ಡ್ ಡಿಸ್ಕ್‌ಗೆ. ಅದರ ಯುಎಸ್‌ಬಿ 3.0 ಕೇಬಲ್‌ಗೆ ಅಂಟಿಕೊಂಡಂತೆ, ಪಕ್ಕದ ಪೋರ್ಟ್‌ನಲ್ಲೇ ವೈಫೈ ಡಾಂಗಲ್, ಅಂದರೆ ಕಂಪ್ಯೂಟರಿಗೆ ವೈಫೈ ಕೊಡುವ ಪುಟ್ಟ ಸಾಧನ. ಯುಎಸ್‌ಬಿ 3.0 ಡೇಟಾ ಸಾಗಿಸುವಾಗ ವೈಫೈ ಕೂಡ ಬಳಸುವ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಬರೆದಿತ್ತು. ಡಾಂಗಲ್ ಯಾವ ಬ್ಯಾಂಡ್‌ನಲ್ಲಿದೆ (ಯಾವ ರೇಡಿಯೋ ಆವರ್ತನ ಬಳಸುತ್ತಿದೆ) ಎಂದು ವಿಂಡೋಸ್‌ನ ವೈಫೈ ಪ್ರಾಪರ್ಟೀಸ್‌ನಲ್ಲಿ ನೋಡಿದರೆ 2.4, ಚಾನೆಲ್ 6. ಡಾಂಗಲ್‌ಗೂ ರೂಟರ್‌ಗೂ 5 ಗಿಗಾಹರ್ಟ್ಸ್ ಬರುತ್ತದೆ, ಆದರೆ ಎರಡು ಬ್ಯಾಂಡ್‌ಗೂ ಒಂದೇ ಹೆಸರು ಇಟ್ಟಿದ್ದರಿಂದ ಅದು ತನಗೆ ತೋಚಿದ್ದನ್ನು ಹಿಡಿದುಕೊಂಡಿತ್ತು.

ಅನುಮಾನ ನಿಜವೋ ಎಂದು ನೋಡಲು ಬೇಕೆಂದೇ ಒಂದು ದೊಡ್ಡ ಫೋಲ್ಡರನ್ನು ಡಿಸ್ಕ್‌ಗೆ ಕಾಪಿಗೆ ಬಿಟ್ಟೆ. ಪಿಂಗ್ ಹದಗೆಟ್ಟಿತು. ನಿಲ್ಲಿಸಿದೆ, ಚೇತರಿಸಿಕೊಂಡಿತು. ಮತ್ತೆ ಬಿಟ್ಟೆ, ಮತ್ತೆ ಹದಗೆಟ್ಟಿತು. ಬೇಕೆಂದಾಗ ಕೆಡಿಸಲು ಬಂದಾಗ ಎಂಥ ಸಮಾಧಾನ ಗೊತ್ತಾ! ಡಾಂಗಲ್ಲನ್ನು ಒಂದು ಮೀಟರ್‌ನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್‌ಗೆ ಹಾಕಿ ಮೇಜಿನ ಮೇಲೆ ತಂದಿಟ್ಟೆ. ಕಾಪಿ ನಡೆಯುತ್ತಿದ್ದರೂ ಪಿಂಗ್ 4, 5, 4.

ಆಮೇಲೆ ರೂಟರ್‌ನಲ್ಲಿ ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರು ಕೊಟ್ಟು ಎರಡು ಸಾಧನಗಳನ್ನೂ 5 ಗಿಗಾಹರ್ಟ್ಸ್‌ಗೆ ಸೇರಿಸಿದೆ. ಇದು ಗೋಡೆ ದಾಟುವುದರಲ್ಲಿ 2.4ಕ್ಕಿಂತ ಹಿಂದೆ. ರೂಟರ್ ಇನ್ನೊಂದು ಕೋಣೆಯಲ್ಲಿದ್ದರೆ ಬದಲಿಸಿದ ಮೇಲೆ ಮತ್ತೆ ಅಳೆದು ನೋಡಿ.

ಇದರ ನಂತರವೂ ಕೆಲವು ದಿನ ಬೆಳಗ್ಗೆ ಆ್ಯಪ್‌ಗೆ ಟ್ಯಾಬ್ಲೆಟ್ ಸಿಗುತ್ತಿರಲಿಲ್ಲ. ಅದು ಬೇರೆಯೇ ತೊಂದರೆ: ಟ್ಯಾಬ್ಲೆಟ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಾಗುತ್ತಿತ್ತು, ಆ್ಯಪ್ ಹಳೆಯದನ್ನೇ ಹುಡುಕುತ್ತಿತ್ತು. ರೂಟರ್‌ನಲ್ಲಿ ವಿಳಾಸ ಕಾಯ್ದಿರಿಸಿದ ಮೇಲೆ ಆ ಕಾಟ ತಪ್ಪಿತು.

ಅವಸರದ ಕೆಲಸ ಬಂದ ದಿನ ಮಾತ್ರ ಈಗಲೂ ಟ್ಯಾಬ್ಲೆಟ್‌ಗೆ ಯುಎಸ್‌ಬಿ ಕೇಬಲ್ಲೇ ಚುಚ್ಚುತ್ತೇನೆ.